ಬಸ್ ಸೌಲಭ್ಯ: ಹೌದು

ಇವತ್ತು 2011ರ ಜನಗಣತಿಯ ಗ್ರಾಮವಾರು ಪಟ್ಟಿ ತಿರುವಿಹಾಕುವಾಗ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಬಸ್ ಸೌಲಭ್ಯ: ಹೌದು.

ಅಷ್ಟೇ. ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಮಳೆಗಾಲದಲ್ಲೂ ಬರುತ್ತದಾ, ಕೇಳಬೇಡಿ. ರಾತ್ರಿ ಬಂದು ತಂಗಿ ಬೆಳಗ್ಗೆ ಹೊರಡುವ ವಸ್ತಿ ಬಸ್ಸೊಂದೇ ಇದ್ದರೂ ‘ಹೌದು’, ತಾಸಿಗೊಂದು ಇದ್ದರೂ ‘ಹೌದು’. ‘ಇಲ್ಲ’ ಅಂದ ಊರಿಗೆ ಮಾತ್ರ ದೂರದ ಲೆಕ್ಕ: 5 ಕಿ.ಮೀ. ಒಳಗೆ, 5ರಿಂದ 10, 10ಕ್ಕೂ ಹೆಚ್ಚು. ಮೂರೇ ಖಾನೆ.

ರಸ್ತೆಯದು ಇನ್ನೊಂದು ಲೆಕ್ಕ. 2000ದಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಗೆ ಬಯಲು ಪ್ರದೇಶದಲ್ಲಿ 500 ಜನ ಬೇಕು, ಗುಡ್ಡಗಾಡಿನಲ್ಲಿ 250. ಇಲ್ಲಿ ಎಣಿಸುವುದು ಸರ್ಕಾರಿ ದಾಖಲೆಯ ಇಡೀ ಕಂದಾಯ ಗ್ರಾಮವನ್ನಲ್ಲ, ಜನವಸತಿಯನ್ನು, ಅಂದರೆ ಮನೆಗಳು ಗುಂಪಾಗಿರುವ ಒಂದೊಂದು ಜಾಗವನ್ನು. 300 ಜನರ ಹಟ್ಟಿ, 400 ಮೀಟರ್ ಆಚೆ 250 ಜನರ ತಾಂಡಾ ಅಂದುಕೊಳ್ಳಿ. ಬಯಲಲ್ಲಿ 500 ಮೀಟರ್ ಒಳಗಿರುವುದರಿಂದ ಕೂಡಿಸಿ 550. ಅದೇ 600 ಮೀಟರ್ ಆದರೆ ಎರಡೂ ಹೊರಗೆ! 2024ರಲ್ಲಿ ಒಪ್ಪಿಗೆ ಸಿಕ್ಕ ನಾಲ್ಕನೇ ಹಂತಕ್ಕೂ 2011ರ ತಲೆಲೆಕ್ಕವೇ ಆಧಾರ. ಅಷ್ಟರಲ್ಲಿ ಅರ್ಧ ಊರು ಗುಳೆ ಹೋಗಿರಲಿ, ಮನೆಗಳು ಇಮ್ಮಡಿಯಾಗಿರಲಿ.

ಡಾಂಬರು ಬಿದ್ದರೂ ಬಸ್ಸು ಒಳಗೆ ಬರಬೇಕಲ್ಲ. 3.75 ಮೀಟರ್ ಅಗಲದ ದಾರಿ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತೋ, ಒಂದು ಗಾಡಿ ಮಣ್ಣಿಗಿಳಿಯಲೇಬೇಕು. ಮಳೆ ಬಿದ್ದ ಕಪ್ಪು ಮಣ್ಣಾದರೆ ಚಕ್ರ ಹೂತು ಕೂರುತ್ತದೆ. ಊರ ತುದಿಯಲ್ಲಿ ತಿರುಗಿಸಲು ಜಾಗವಿಲ್ಲದಿದ್ದರೆ ಇನ್ನೂ ಕಷ್ಟ, ಅಷ್ಟುದ್ದದ ಬಸ್ಸನ್ನು ಹಿಂದಕ್ಕೇ ಓಡಿಸಿಕೊಂಡು ಬರಬೇಕು. ಡ್ರೈವರಣ್ಣ ತಾನೇ ಏನು ಮಾಡಿಯಾನು, ಕ್ರಾಸಲ್ಲೇ ಇಳಿಸಿ ಹೋಗುತ್ತಾನೆ.

ಮೂಟೆ ಇದ್ದವರು ಆಟೊ ಕಾಯಬೇಕು.