ಕೊನೆಯ ಕ್ಲಾಸು

ಸೆಮಿಸ್ಟರಿನ ಕೊನೆಯ ಕ್ಲಾಸನ್ನು ಉಳಿದ ಸಿಲಬಸ್ ಓಡಿಸುವುದಕ್ಕೇ ಕಳೆಯಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅನುಭವದ ಕೊನೆ ನೆನಪಿನಲ್ಲಿ ಜಾಸ್ತಿ ಉಳಿಯುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಂಬಂಧಿಸಿದ್ದು. ಕೊರೆಯುವ ನೀರಿನಲ್ಲಿ ಕೈ ಇಡಬೇಕು: ಒಮ್ಮೆ 60 ಸೆಕೆಂಡ್, ಇನ್ನೊಮ್ಮೆ ಅದರ ಜೊತೆಗೆ ತುಸು ಕಡಿಮೆ ತಣ್ಣಗಿನ 30 ಸೆಕೆಂಡ್. ಮತ್ತೆ ಯಾವುದು ಬೇಕು ಅಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು! ಅದರ ಕೊನೆ ತುಸು ಹಿತವಾಗಿತ್ತಲ್ಲ, ಅದಕ್ಕೆ.

ಹಾಗಾಗಿ ಮೊದಲ ವಾರದ ಪ್ರಶ್ನೆಯನ್ನೇ ಕೊನೆಯ ದಿನ ಮತ್ತೆ ಕೇಳಿ. ಎಷ್ಟು ಕಲಿತೆವು ಅಂತ ವಿದ್ಯಾರ್ಥಿಗಳಿಗೇ ಗೊತ್ತಾಗುತ್ತದೆ. ಮೇಷ್ಟರಿಗೂ ಖುಷಿ, ಅಲ್ವಾ?

ವಿದ್ಯಾರ್ಥಿಗಳೇ, ಫೀಡ್‌ಬ್ಯಾಕ್ ಫಾರಂನಲ್ಲಿ ಸುಮ್ನೆ ಟಿಕ್ ಹಾಕಬೇಡಿ. ಯಾವ ಪಾಠ ಅರ್ಥವಾಯಿತು, ಯಾವುದು ಆಗಲಿಲ್ಲ ಅಂತ ಎರಡು ಸಾಲು ಬರೆಯಿರಿ. ಮುಂದಿನ ಬ್ಯಾಚಿಗೆ ಅದರಿಂದ ನಿಜಕ್ಕೂ ಉಪಯೋಗವಾಗುತ್ತದೆ.