ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಪತ್ರಿಕೆ ಯಾಕೆ ಬೇಕಿತ್ತು?

ಕೆನಡಾದ ವಿನಿಪೆಗ್‌ನ ನಮ್ಮ ಮನೆಗೆ ಊರಿನಿಂದ ಯಾರೇ ಬರಲಿ, ಒಂದು ದಿನ ಗಿಮ್ಲಿಗೆ ಕರೆದೊಯ್ಯುವುದು ವಾಡಿಕೆ. ಉತ್ತರಕ್ಕೆ ಸುಮಾರು 90 ಕಿಲೋಮೀಟರ್. ಸಮುದ್ರದಂತೆ ಕಾಣುವ ಸರೋವರ, ಅದರ ದಂಡೆಗೆ ಐಸ್‌ಲ್ಯಾಂಡಿನಿಂದ ವಲಸೆ ಬಂದವರು ಕಟ್ಟಿದ ಊರು. ಹೋಗುವಾಗ ಅವರ ಕಥೆ ಹೇಳುತ್ತೇನೆ, ಬರುವಾಗ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಹೋದ ಬೇಸಿಗೆಯಲ್ಲಿ ಸಾಗರದಿಂದ ಬಂದಿದ್ದ ಚಿಕ್ಕಪ್ಪನ ಬಾಯಲ್ಲಿ ಅದು ಹೀಗೆ ಬಂತು: “ಅಲ್ಲ ಮಾರಾಯ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ? ಮೊದಲು ಜಮೀನು ಮಾಡ್ಕೊಳ್ಳೋದು ಬಿಟ್ಟು ಪೇಪರ್ ಯಾಕೆ ಬೇಕಿತ್ತು ಅವರಿಗೆ?”

ಕಥೆ ಕೇಳಿದವರಿಗೆ ಹಾಗನ್ನಿಸಿದರೆ ತಪ್ಪಿಲ್ಲ. ಮೊದಲ ತಂಡ ಚಪ್ಪಟೆ ದೋಣಿಗಳಲ್ಲಿ ಬಂದು ಇಳಿದದ್ದು 1875ರ ಅಕ್ಟೋಬರ್ 21ರಂದು, ಇನ್ನೇನು ನೀರು ಹೆಪ್ಪುಗಟ್ಟುವ ಹೊತ್ತಿಗೆ. ಮರುವರ್ಷ ಸಾವಿರಕ್ಕೂ ಹೆಚ್ಚು ಜನ ಬಂದರು, ಹಿಂದೆಯೇ ಸಿಡುಬೂ ಬಂತು. ವಸಾಹತಿನಲ್ಲಿ ಸುಮಾರು 100 ಜನ ಸತ್ತರು, ಹೆಚ್ಚಿನವರು ಮಕ್ಕಳು. ನೆರೆಯ ಸ್ಯಾಂಡಿ ಬಾರ್‌ನ ಮೂಲನಿವಾಸಿಗಳ ಹಳ್ಳಿಯಂತೂ ಬಹುತೇಕ ಅಳಿದೇ ಹೋಯಿತು. ಯಾರೂ ಹೊರಗೆ ಹೋಗದಂತೆ ಹಾಕಿದ್ದ ದಿಗ್ಬಂಧನ ತೆರವಾದದ್ದು 1877ರ ಜುಲೈನಲ್ಲಿ. ಸೆಪ್ಟೆಂಬರ್ 10ಕ್ಕೆ ‘ಫ್ರಾಮ್‌ಫಾರಿ’ ಎಂಬ ಐಸ್‌ಲ್ಯಾಂಡಿಕ್ ಪತ್ರಿಕೆಯ ಮೊದಲ ಸಂಚಿಕೆ ಹೊರಬಿತ್ತು! ಅದೇ ತಿಂಗಳು ಕೆನಡಾದ ಗವರ್ನರ್ ಜನರಲ್ ಲಾರ್ಡ್ ಡಫರಿನ್ ಗಿಮ್ಲಿಗೆ ಬಂದಿದ್ದ. ಗೋಡೆ ಎಷ್ಟೇ ಬೋಳಾಗಿರಲಿ, 20–30 ಪುಸ್ತಕ ಇಲ್ಲದ ಒಂದು ಗುಡಿಸಲನ್ನೂ ಇಲ್ಲಿ ಕಾಣಲಿಲ್ಲ ಎಂದು ಭಾಷಣದಲ್ಲೇ ಹೇಳಿದ.

ಚಿಕ್ಕಪ್ಪನಿಗೆ ನಾನು ನೆನಪಿಸಿದ್ದು ನಮ್ಮ ಅಡಿಕೆ ಸುಲಿಯುವ ರಾತ್ರಿಗಳನ್ನು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತವರ ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು, ಕಿವಿಗೆ ಕೆಲಸವಿರಲಿಲ್ಲ. ಯಾರಾದರೂ ಕಥೆ ಎತ್ತಿಕೊಂಡರೆ ಸರಿರಾತ್ರಿಯಾದದ್ದೇ ತಿಳಿಯುತ್ತಿರಲಿಲ್ಲ.

ಆಗಿನ ಐಸ್‌ಲ್ಯಾಂಡಿನಲ್ಲೂ ಹೆಚ್ಚುಕಡಿಮೆ ಹೀಗೆಯೇ. ಅದನ್ನು ಅವರು ‘ಕ್ವೋಲ್ಡ್‌ವಾಕಾ’ ಎನ್ನುತ್ತಾರೆ, ಸಂಜೆಯ ಜಾಗರಣೆ ಎಂದಂತೆ. ಹುಲ್ಲುಹೆಂಟೆಯ ಮನೆ, ಎಲ್ಲರೂ ಮಲಗುವ ಒಂದೇ ಕೋಣೆ, ಮೀನೆಣ್ಣೆಯ ದೀಪ. ಮಂಚಗಳ ಅಂಚಿನಲ್ಲಿ ಕೂತು ಒಬ್ಬರು ಉಣ್ಣೆ ಹಿಂಜುತ್ತಾರೆ, ಒಬ್ಬರು ನೂಲುತ್ತಾರೆ, ಒಬ್ಬರು ಕಾಲುಚೀಲ ಹೆಣೆಯುತ್ತಾರೆ. ದೀಪದ ಹತ್ತಿರ ಕೂತವನು ಹಳೆಯ ವೀರರ ಕಥೆಯನ್ನು ಗಟ್ಟಿಯಾಗಿ ಓದುತ್ತಾನೆ, ಇಲ್ಲವೇ ‘ರೀಮುರ್’ ಎಂಬ ಕಥನಪದ್ಯವನ್ನು ರಾಗವಾಗಿ ಹೇಳುತ್ತಾನೆ. ಅವರು ಓದಿಗೆಂದು ಪ್ರತ್ಯೇಕ ಬಿಡುವು ಹುಡುಕಬೇಕಾಗಿರಲಿಲ್ಲ. ಬಡತನ ಜಾಸ್ತಿಯಾದಷ್ಟೂ ನೂಲುವ ರಾತ್ರಿ ಜಾಸ್ತಿ, ಅಂದರೆ ಓದೂ ಜಾಸ್ತಿ. ನಮ್ಮ ಗಾದೆ ಇಲ್ಲಿ ಕೈಕೊಡುವುದು ಇದಕ್ಕೇ.

ಹಳ್ಳಿಗಳಲ್ಲಿ ಶಾಲೆ ಇಲ್ಲವೆನ್ನುವಷ್ಟು ಕಡಿಮೆ. ಅಕ್ಷರ ಕಲಿಸುವುದು ತಾಯ್ತಂದೆಯರ ಹೊಣೆ. ಮಗುವಿಗೆ ಓದಲು ಬರುತ್ತದೆಯೇ ಎಂದು ಪಾದ್ರಿಯೇ ಮನೆಮನೆಗೆ ಬಂದು ಪರೀಕ್ಷೆ ಮಾಡುತ್ತಿದ್ದ. ಈ ಕಟ್ಟಳೆ 18ನೇ ಶತಮಾನದಿಂದಲೇ ಇತ್ತು. ಭಕ್ತಿಗಾಗಿ ಕಲಿತ ಅಕ್ಷರವನ್ನು ಜನ ಏನೇನಕ್ಕೋ ಬಳಸಿಕೊಂಡರು, ಅದು ಬೇರೆ ಮಾತು.

ನನಗೆ ಇವರಲ್ಲಿ ತೀರಾ ಇಷ್ಟವಾದವನು ಸ್ಟೆಫಾನ್ ಜಿ. ಸ್ಟೆಫಾನ್‌ಸನ್. ಹುಡುಗನಾಗಿದ್ದಾಗ ಒಂದು ಮಳೆಯ ದಿನ, ದೂರದ ಶಾಲೆಗೆ ಕುದುರೆಯೇರಿ ಹೊರಟ ಹುಡುಗರನ್ನು ಕಂಡು, ತನಗೆ ಆ ಭಾಗ್ಯವಿಲ್ಲವೆಂದು ತಗ್ಗೊಂದರಲ್ಲಿ ಬಿದ್ದು ಅತ್ತಿದ್ದನ್ನು ಅವನೇ ಬರೆದುಕೊಂಡಿದ್ದಾನೆ. 1873ರಲ್ಲಿ ಅಮೆರಿಕಕ್ಕೆ ಬಂದ. ವಿಸ್ಕಾನ್ಸಿನ್, ಡಕೋಟ, ಕೊನೆಗೆ 1889ರಲ್ಲಿ ಕೆನಡಾದ ಆಲ್ಬರ್ಟ: ಮೂರು ಸಲ ಹೊಸದಾಗಿ ಜಮೀನು ಮಾಡಿದ. ಹಗಲು ಬೇಸಾಯ, ರಾತ್ರಿ ಓದು, ಕವಿತೆ. ಅವನ ಕವನಸಂಪುಟಗಳ ಹೆಸರು ‘ಆಂದ್ವೋಕುರ್’, ನಿದ್ದೆಯಿಲ್ಲದ ರಾತ್ರಿಗಳು. ಐಸ್‌ಲ್ಯಾಂಡಿಕ್ ಭಾಷೆಯ ದೊಡ್ಡ ಕವಿಗಳಲ್ಲಿ ಒಬ್ಬನೆಂದು ಇವತ್ತಿಗೂ ಹೆಸರಿದೆ.

ಹಾಗೆಂದು ಕ್ವೋಲ್ಡ್‌ವಾಕಾವನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಅದು ಕೂಲಿಗಳಿಂದ ನಡುರಾತ್ರಿಯವರೆಗೆ ಕೆಲಸ ತೆಗೆಯುವ ಉಪಾಯವೂ ಆಗಿತ್ತು. ಆದರೆ ಹೀಗೆ ಓದಿ ಬೆಳೆದ ಸಮುದಾಯದಲ್ಲೇ ಮಾರ್ಗ್ರೆಟ್ ಬೆನೆಡಿಕ್ಟ್‌ಸನ್ ಎಂಬಾಕೆ ಗಂಡನ ಜೊತೆ ಸೇರಿ 1898ರಲ್ಲಿ ಸೆಲ್ಕರ್ಕ್‌ನಿಂದ ‘ಫ್ರೇಯಾ’ ಎಂಬ ಮಾಸಿಕ ಹೊರಡಿಸಿ, ಹೆಂಗಸರಿಗೆ ಮತದಾನದ ಹಕ್ಕು ಕೇಳಿದಳು. ನಮ್ಮ ಈ ಮ್ಯಾನಿಟೋಬ ಪ್ರಾಂತ್ಯ ಅದನ್ನು ಕೊಟ್ಟದ್ದು 1916ರಲ್ಲಿ.

ಫ್ರಾಮ್‌ಫಾರಿ 1880ಕ್ಕೇ ನಿಂತಿತು. ಆಮೇಲೆ ಹುಟ್ಟಿದ ಎರಡು ಪತ್ರಿಕೆಗಳು 1959ರಲ್ಲಿ ಒಂದಾಗಿ ‘ಲೋಗ್‌ಬೆರ್ಗ್-ಹೈಮ್ಸ್‌ಕ್ರಿಂಗ್ಲಾ’ ಎಂಬ ಹೆಸರಲ್ಲಿ ಈಗಲೂ ಬರುತ್ತಿವೆ, ಬಹುತೇಕ ಇಂಗ್ಲಿಷಿನಲ್ಲಿ.

ಇಷ್ಟೆಲ್ಲ ಕೇಳಿ ಚಿಕ್ಕಪ್ಪ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಹೇಳಿದರು: “ಈಗ ಅಡಿಕೆ ಸುಲಿಯೋಕೆ ಮೆಷಿನ್ ಬಂದಿದೆ ಮಾರಾಯ. ಅದರ ಗಲಾಟೆಗೆ ಪಕ್ಕದಲ್ಲಿದ್ದವರು ಕರೆದದ್ದೂ ಕೇಳಲ್ಲ.”