ತಟ್ಟುವ ಕೈಗೂ ಫಿಟ್ಸ್‌ಗೂ ಇರುವ ವ್ಯತ್ಯಾಸ ಕೊನೆಗೂ ಸಿಕ್ಕಿತು

ನವಜಾತ ಶಿಶುಗಳ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ನೋಡಿ, ಫಿಟ್ಸ್ ಕಂಡರೆ ಕೂಗುವ ಯಂತ್ರವೊಂದನ್ನು ಮಾಡುತ್ತಿದ್ದೇನೆ. ನಿನ್ನೆ ರಾತ್ರಿ ಒಂದೂವರೆಗೆ ಅದರ ಬಜರ್ ಸುಮ್ಮನಾಯಿತು. ಮೂರು ವಾರದಿಂದ ಇದಕ್ಕೇ ಕಾಯುತ್ತಿದ್ದೆ. ಫಿಟ್ಸ್ ಇಲ್ಲವೇ ಇಲ್ಲ ಎಂದು ಮೂವರು ಪರಿಣಿತರೂ ಒಪ್ಪಿದ ಮಗುವಿನ ಫೈಲ್ ಅದು. ಆದರೂ ಗಂಟೆಗೆ 14 ಸಲ ಕೂಗುತ್ತಿತ್ತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಪಾಪ, ಅವಳೂ ಎದ್ದು ಕೂತು ಹತ್ತು ನಿಮಿಷ ಗ್ರಾಫ್ ನೋಡಿದಳು.

ಹೊಸದಾಗಿ ಓದುವವರಿಗೆ ಒಂದು ಮಾತು. ಇದನ್ನು ಯಾವ ಮಗುವಿಗೂ ಹಾಕಿಲ್ಲ, ಹಾಕುವುದೂ ಇಲ್ಲ. ಹೆಲ್ಸಿಂಕಿಯ ಆಸ್ಪತ್ರೆಯವರು 79 ನವಜಾತ ಶಿಶುಗಳ ಇಇಜಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. 19 ಎಲೆಕ್ಟ್ರೋಡ್, ಸೆಕೆಂಡಿಗೆ 256 ಸ್ಯಾಂಪಲ್. ಮೂವರು ಬೇರೆ ಬೇರೆ ಕೂತು, ಯಾವ ಸೆಕೆಂಡಿನಲ್ಲಿ ಫಿಟ್ಸ್ ಇದೆ ಎಂದು ಗುರುತು ಹಾಕಿದ್ದಾರೆ. ಆ ಸಿಗ್ನಲ್ಲನ್ನೇ ಮೈಕ್ರೋವೋಲ್ಟಿಗೆ ಇಳಿಸಿ ನನ್ನ ಬೋರ್ಡಿಗೆ ಕೊಡುತ್ತೇನೆ. ಎಂಟು ಚಾನೆಲ್‌ನಲ್ಲಿ ಆರು ಇಇಜಿಗೆ, ಒಂದು ಇಸಿಜಿಗೆ (ಎದೆಬಡಿತದ ಸಿಗ್ನಲ್), ಒಂದು ಉಸಿರಿಗೆ.

ಬೋರ್ಡ್ ಎಂದಾಗ ಇನ್ನೂ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಗೆ ಇಇಜಿ ಅಳೆಯಲೆಂದೇ ಮಾಡಿದ ಎಡಿಎಸ್1299 ಚಿಪ್ ಬೇಕು ಎಂದು ದುಡ್ಡು ಹಾಕಿದ್ದೆ. ದಾವಣಗೆರೆಗೆ ಬಂದದ್ದು 1298. ಫೋನ್ ಮಾಡಿದರೆ, "ಎರಡೂ ಒಂದೇ ಫ್ಯಾಮಿಲಿ ಸಾರ್, ನಡೆಯುತ್ತೆ" ಅಂದರು. ಹೇಗೆ ನಡೆಯುತ್ತದೆ? ಅದು ಹೃದಯದ ಸಿಗ್ನಲ್ಲಿಗೆ ಮಾಡಿದ ಚಿಪ್. ಅಲ್ಲಿ ಲೆಕ್ಕ ಮಿಲಿವೋಲ್ಟಿನಲ್ಲಿ. ಇಲ್ಲಿ ನಾನು ಹುಡುಕುತ್ತಿರುವುದು ಕೆಲವೇ ಹತ್ತು ಮೈಕ್ರೋವೋಲ್ಟಿನ ಅಲೆ. ಬದಲಿ ಚಿಪ್ ಬರಲು ಎರಡು ವಾರ ಹೋಯಿತು.

ಈ ಹಟ ಯಾಕೆ ಅಂತ ಕೆಲವರು ಕೇಳಿದ್ದರು. ತಂಗಿಯ ಮಗು ಹುಟ್ಟಿದಾಗ ಅಳುವುದು ತಡವಾಯಿತು. ಹತ್ತು ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇತ್ತು. ನಾವೆಲ್ಲ ಗಾಜಿನಾಚೆ ನಿಂತು ಕೈಕಾಲನ್ನೇ ನೋಡುತ್ತಿದ್ದೆವು. ಆಮೇಲೆ ಗೊತ್ತಾಯಿತು, ಇಷ್ಟು ಚಿಕ್ಕ ಮಕ್ಕಳ ಫಿಟ್ಸ್ ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ. ಫಿಟ್ಸ್ ನಿಲ್ಲಿಸುವ ಔಷಧಿ ಫಿನೊಬಾರ್ಬಿಟಾಲ್ ಕೊಟ್ಟ ಮೇಲೆ ಕೈಕಾಲಿನ ಸೆಳೆತ ನಿಂತರೂ ಮಿದುಳಿನಲ್ಲಿ ನಡೆಯುತ್ತಲೇ ಇರಬಹುದು. ಅದನ್ನು ತೋರಿಸುವುದು ಇಇಜಿ ಮಾತ್ರ. ಆದರೆ ನಡುರಾತ್ರಿ ಆ ಗೆರೆಗಳನ್ನು ಓದುವವರೂ ಬೇಕಲ್ವಾ?

ಈಗ ಬಜರ್ ವಿಷಯ. ಫಿಟ್ಸ್ ಎಂದರೆ ಒಂದೇ ಆಕಾರದ ಅಲೆ ಮತ್ತೆ ಮತ್ತೆ ಬರುವುದು, ರೂಢಿಯ ಲೆಕ್ಕದಲ್ಲಿ ಕನಿಷ್ಠ 10 ಸೆಕೆಂಡ್. ನಾನು ಹಿಡಿದದ್ದು ಅದನ್ನೇ. ಆಟೋಕೋರಿಲೇಶನ್ ಹಾಕಿದೆ (ಸಿಗ್ನಲ್ಲನ್ನು ಸ್ವಲ್ಪ ಸರಿಸಿ ಅದರ ಜೊತೆಗೇ ಹೋಲಿಸಿ ಲಯ ಹುಡುಕುವ ಲೆಕ್ಕ), ಲಯ ಸಿಕ್ಕರೆ ಕೂಗು ಎಂದೆ. ತಪ್ಪಾಗಿದ್ದು ಇಲ್ಲೇ. ಮಗುವಿನ ಸುತ್ತ ಎಲ್ಲದಕ್ಕೂ ಲಯ ಇದೆ. ಎದೆಬಡಿತ ನಿಮಿಷಕ್ಕೆ 120ರಿಂದ 160, ಅಂದರೆ ಸೆಕೆಂಡಿಗೆ 2ರಿಂದ 2.7 ಸಲ (ಹರ್ಟ್ಸ್). ಉಸಿರು ಅರ್ಧದಿಂದ 1 ಹರ್ಟ್ಸ್. ಎರಡೂ ಫಿಟ್ಸ್ ಇರುವ ಜಾಗಕ್ಕೇ ಬಂದು ಕೂರುತ್ತವೆ. ಇಸಿಜಿ, ಉಸಿರಿನ ಚಾನೆಲ್ ಜೊತೆ ತಾಳೆ ನೋಡಿ ಹೊಂದಿದ್ದನ್ನು ಬಿಟ್ಟೆ. 14 ಇದ್ದದ್ದು 9ಕ್ಕೆ ಇಳಿಯಿತು. ಉಳಿದ 9 ಯಾವುದಕ್ಕೂ ಹೊಂದಲಿಲ್ಲ. ಹೆಚ್ಚಿನವು 1.4 ಹರ್ಟ್ಸ್ ಆಸುಪಾಸಿನಲ್ಲಿ. ಫಿಲ್ಟರ್ ಬದಲಿಸಿದೆ, ಗ್ರೌಂಡ್ ಬದಲಿಸಿದೆ, ಸೋಲ್ಡರ್ ಬಿಚ್ಚಿ ಮತ್ತೆ ಹಾಕಿದೆ. ಏನೂ ಆಗಲಿಲ್ಲ.

ಭಾನುವಾರ ಪಕ್ಕದ ಮನೆ ಅಜ್ಜಿ ಜಗುಲಿಯ ಮೇಲೆ ಮೊಮ್ಮಗಳನ್ನು ತಟ್ಟಿ ಮಲಗಿಸುತ್ತಿದ್ದರು. ಆ ತಟ್ಟು ಕಿವಿಗೆ ಬಿದ್ದಾಗ ಥಟ್ಟನೆ ಹೊಳೆಯಿತು. ಫೋನಿನಲ್ಲಿ ಟೈಮರ್ ಹಾಕಿ ಎಣಿಸಿದೆ. ಅಷ್ಟರಲ್ಲಿ ಅವರು ಕೈ ತೆಗೆದರು.

"ಅಜ್ಜಿ, ಇನ್ನೊಂದ್ ಸ್ವಲ್ಪ ತಟ್ರಿ."

"ನಿದ್ದೆ ಹತ್ತೈತಪ್ಪ, ಇನ್ಯಾಕೆ ತಟ್ಟಲಿ?" ಎಂದು ನಕ್ಕು ಮತ್ತೆ ತಟ್ಟಿದರು. ಮೊದಲ ಅರ್ಧ ನಿಮಿಷಕ್ಕೆ 42, ಎರಡನೆಯದಕ್ಕೂ 42. ಸರಿಯಾಗಿ 1.4!

ಆ ಫೈಲಿನಲ್ಲೂ ಯಾರೋ ನರ್ಸೋ ತಾಯಿಯೋ ಮಗುವನ್ನು ತಟ್ಟಿರಬೇಕು. ತಟ್ಟುವ ಕೈ ಮೊದಲಿಂದ ಕೊನೆತನಕ ಒಂದೇ ವೇಗ. ಫಿಟ್ಸ್ ಸಾಮಾನ್ಯವಾಗಿ ಹಾಗಿರುವುದಿಲ್ಲ, ಬೆಳೆಯುತ್ತದೆ. ಅಲೆಯ ಎತ್ತರ, ಆಕಾರ, ವೇಗ ಬದಲಾಗುತ್ತಾ ಹೋಗುತ್ತವೆ. ಕೊನೆಗೆ ಬಂದಾಗ ಎಷ್ಟೋ ಸಲ ನಿಧಾನವಾಗಿರುತ್ತದೆ. ಹಾಗಾಗಿ ಲಯ ಸಿಕ್ಕರೆ ಸಾಲದು, ಅದು ಬದಲಾಗಿದೆಯೇ ನೋಡು ಎಂದು ಇನ್ನೊಂದು ಷರತ್ತು ಸೇರಿಸಿದೆ. ಆ ಫೈಲಿನಲ್ಲಿ 9 ಇದ್ದದ್ದು ಸೊನ್ನೆ.

ಇದರ ನಡುವೆ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. ಎಇಇಜಿ ಎಂದರೆ ಇಇಜಿಯ ಕುಗ್ಗಿಸಿದ ರೂಪ, 2ರಿಂದ 15 ಹರ್ಟ್ಸ್‌ನ ಅಲೆಗಳನ್ನಷ್ಟೇ ಇಟ್ಟುಕೊಂಡು ಒಂದು ಗಂಟೆಯದನ್ನು 6 ಸೆಂಟಿಮೀಟರಿಗೆ ಇಳಿಸುವುದು. ಮಂಡಿಪೇಟೆಯ ಅಂಗಡಿಗಳಲ್ಲಿ ಬಿಲ್ ಹೊಡೆಯುವ ಥರ್ಮಲ್ ಪ್ರಿಂಟರ್ ಇದೆಯಲ್ಲ, ಅದರಲ್ಲಿ ಮಿಲಿಮೀಟರಿಗೆ 8 ಚುಕ್ಕಿ. ಏಳೂವರೆ ಸೆಕೆಂಡಿಗೆ ಒಂದು ಸಾಲು ಹೊಡೆದರೆ ಲೆಕ್ಕ ಸರಿ. ಇಡೀ ದಿನ 144 ಸೆಂಟಿಮೀಟರ್ ಕಾಗದದಲ್ಲಿ ಮುಗಿಯುತ್ತದೆ. ಚಿಕ್ಕ ಫಿಟ್ಸ್ ಅದರಲ್ಲಿ ಕಳೆದುಹೋಗುತ್ತವೆ, ನಿಜ. ಆದರೂ ರಾತ್ರಿಯೆಲ್ಲ ಹೇಗಿತ್ತು ಎಂದು ಒಂದೇ ನೋಟಕ್ಕೆ ಕೈಯಲ್ಲಿ ಹಿಡಿಯಬಹುದು.

ಅದಕ್ಕೆ ಮೊದಲು ಇನ್ನೊಂದು ಕೆಲಸ ಇದೆ. ಹೊಸ ಷರತ್ತು ಹಾಕಿದ ಮೇಲೆ ಬೇರೆ ಫೈಲುಗಳಲ್ಲಿ ಎರಡು ನಿಜವಾದ ಫಿಟ್ಸ್ ತಪ್ಪಿಹೋಗಿವೆ. ಮೂವರೂ ಗುರುತು ಹಾಕಿದಂಥವು. ಎರಡೂ ಚಿಕ್ಕವು, ಕೊನೆತನಕ ಒಂದೇ ವೇಗ. ಇದು ನನಗೆ ನಿದ್ದೆ ಕೊಡುತ್ತಿಲ್ಲ. ಸುಳ್ಳು ಕೂಗು ಸಹಿಸಬಹುದು, ಫಿಟ್ಸ್ ಬಿಟ್ಟುಹೋಗಬಾರದು. ಅಲೆ ತಲೆಯ ಯಾವ ಜಾಗದಲ್ಲಿ ಜೋರಾಗಿದೆ, ಪಕ್ಕಪಕ್ಕದಲ್ಲಿ ಹೇಗೆ ಕಡಿಮೆಯಾಗುತ್ತದೆ ಎಂದು ನೋಡಬೇಕು. ಅದಕ್ಕೆ ಆರು ಚಾನೆಲ್ ಸಾಲದು. ಇನ್ನೊಂದು 1299 ತಂದು ಡೈಸಿ ಚೈನ್ ಮಾಡಬೇಕು, ಅಂದರೆ ಎರಡು ಚಿಪ್ಪನ್ನು ಒಂದರ ಹಿಂದೆ ಒಂದು ಜೋಡಿಸಬೇಕು. ಸರಿಯಾದ ಚಿಪ್ಪನ್ನೇ ಕಳಿಸುವ ಅಂಗಡಿ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ.